ಕಲ್ಲಿನಲ್ಲಿ ದೊಡ್ಡವರು, ಕಲ್ಲಿನಲ್ಲಿ ಚಿಕ್ಕವರು

(ಕಾರ್ಮಿಕ ಕುಟುಂಬಗಳ ಭಾನುವಾರ ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ವಾರವೆಲ್ಲ ದುಡಿದು ದಣಿದು ಬಂದು ಕುಳಿತಿದ್ದೀರಿ. ಉದ್ದುದ್ದ ಮಾತಾಡಿ ನಿಮ್ಮನ್ನು ತೂಕಡಿಸುವಂತೆ ಮಾಡುವುದಿಲ್ಲ. ಇಂದು ಎರಡು ಹಳೆಯ ದೇಶಗಳ ಕಲ್ಲಿನ ಪ್ರತಿಮೆಗಳ ವಿಷಯ ಹೇಳಬೇಕೆಂದಿದ್ದೇನೆ. ಎರಡು ದೇಶಗಳ ಹೆಸರೂ ನಿಮಗೆ ಹೊಸದಲ್ಲ. ಒಂದು ಐಗುಪ್ತ, ಅಂದರೆ ಈಜಿಪ್ಟು, ಫರೋಹನ ದೇಶ. ಇನ್ನೊಂದು ಸುಮೇರ್, ಇಂದಿನ ಇರಾಕಿನ ದಕ್ಷಿಣ ಭಾಗ. ಅಬ್ರಹಾಮನು ಬಿಟ್ಟು ಹೊರಟ ಊರ್ ಎಂಬ ಪಟ್ಟಣ ಇಲ್ಲಿಯದೇ ಎಂದು ಬಹುಮಂದಿ ಪಂಡಿತರು ಹೇಳುತ್ತಾರೆ.

ಕೂಲಿ, ಬೋನಸ್ಸಿನ ಮಾತು ಬಿಟ್ಟು ಇವರು ಕಲ್ಲಿನ ಮಾತು ಯಾಕೆ ಎತ್ತಿದರು ಎಂದು ನಿಮಗನ್ನಿಸಬಹುದು. ಕಾರಣವಿದೆ. ಒಂದು ಸಮಾಜದಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದನ್ನು ಬಾಯಲ್ಲಿ ಹೇಳಿದರೆ ಜನ ಎದುರು ಮಾತಾಡಬಹುದು. ಅದನ್ನೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರೆ ಎದುರು ಮಾತಾಡುವುದು ಕಷ್ಟ. ನಮ್ಮ ಮಕ್ಕಳು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಈ ಚಿತ್ರಗಳನ್ನು ನೋಡುತ್ತಾರೆ. ದೊಡ್ಡ ರಾಜ, ಅವನ ಕಾಲ ಬಳಿ ಚಿಕ್ಕ ಜನ. ನೋಡಿದ ಮಗು, ಹಿಂದೆಲ್ಲ ಹಾಗೆಯೇ ಇತ್ತು, ಹಾಗೆಯೇ ಇರಬೇಕು ಎಂದುಕೊಂಡರೆ ಅದು ತಪ್ಪು ಪಾಠವಾಗುತ್ತದೆ. ಆ ಚಿತ್ರಗಳನ್ನು ಹೇಗೆ ಓದಬೇಕೆಂದು ನಾವು ತಿಳಿಯುವುದು ಒಳ್ಳೆಯದು.

ನೆಲದ ಮಾತು ಮೊದಲು

ಐಗುಪ್ತ ನೈಲ್ ನದಿಯ ಎರಡು ದಡದ ನಾಡು. ದಡದಾಚೆ ಎರಡೂ ಕಡೆ ಬಂಡೆ. ಸುಣ್ಣಕಲ್ಲು ಬೇಕಾದಷ್ಟು. ದಕ್ಷಿಣದ ಅಸ್ವಾನಿನಲ್ಲಿ ಗ್ರಾನೈಟು. ಕಡಿದ ಬಂಡೆಯನ್ನು ದೋಣಿಗೇರಿಸಿದರೆ ಹೊಳೆಯೇ ಅದನ್ನು ಕೆಳಗಿನ ಸೀಮೆಗೆ ಒಯ್ಯುತ್ತದೆ.

ಸುಮೇರ್ ಹಾಗಲ್ಲ. ಟೈಗ್ರಿಸ್, ಯೂಫ್ರೇಟಿಸ್ ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣಿನ ಬಯಲು ಅದು. ಒಳ್ಳೆಯ ಕಲ್ಲು ಸಿಗುವುದು ಅಪರೂಪ. ಮನೆ ಇಟ್ಟಿಗೆಯದು, ದೇವಾಲಯ ಇಟ್ಟಿಗೆಯದು, ಲೆಕ್ಕ ಬರೆಯುವ ಹಲಗೆ ಜೇಡಿಮಣ್ಣಿನದು. ಅಲ್ಲಿ ಕಲ್ಲೆಂದರೆ ದೂರದಿಂದ ಹಣ ಕೊಟ್ಟು ತರಿಸಬೇಕಾದ ವಸ್ತು. ಆದ್ದರಿಂದ ಐಗುಪ್ತದ ಪ್ರತಿಮೆಗಳು ಆಳೆತ್ತರಕ್ಕೂ ಮೇಲಕ್ಕೂ ಬೆಳೆದವು. ಸುಮೇರಿನವು ಹೆಚ್ಚಾಗಿ ಒಂದು ಅಡಿ, ಎರಡು ಅಡಿಯಲ್ಲಿ ನಿಂತವು. ಗಾತ್ರ ಚಿಕ್ಕದಾದರೂ ಅಲ್ಲಿ ಕಲ್ಲಿನಲ್ಲಿ ತನ್ನನ್ನು ಮಾಡಿಸಿಕೊಂಡವನು ಉಳ್ಳವನೇ ಎಂಬುದನ್ನು ಮರೆಯಬಾರದು.

ಐಗುಪ್ತ: ಅಲುಗದವನೇ ಅರಸ

ಈಗ ಗೋಡೆಗೆ ಹಚ್ಚಿರುವ ಮೊದಲನೆಯ ಚಿತ್ರ ನೋಡಿ. ಇದು ನಾರ್ಮರ್ ಎಂಬ ಅರಸನ ಹಲಗೆ. ಕ್ರಿ.ಪೂ. ಸುಮಾರು 3100ರ ಕಾಲದ್ದು. ಎತ್ತರ ಎರಡು ಅಡಿಯ ಮೇಲೆ ಸ್ವಲ್ಪ. ಅರಸನು ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿದ್ದಾನೆ. ಅವನ ಹಿಂದೆ ಒಬ್ಬ ಆಳು ಇದ್ದಾನೆ, ಕಂಡಿತೋ? ಒಂದು ಕೈಯಲ್ಲಿ ಅರಸನ ಚಪ್ಪಲಿ, ಇನ್ನೊಂದರಲ್ಲಿ ನೀರಿನ ಪಾತ್ರೆ. ಅವನ ತಲೆ ಅರಸನ ಸೊಂಟದ ಮಟ್ಟಕ್ಕೂ ಸರಿಯಾಗಿ ಬರುವುದಿಲ್ಲ. ಅವನು ಹುಡುಗನಲ್ಲ, ಬೆಳೆದ ಗಂಡಸು. ದೂರದಲ್ಲಿ ನಿಂತಿರುವುದರಿಂದ ಚಿಕ್ಕದಾಗಿ ಕಾಣುತ್ತಾನೆಂದೂ ಅಲ್ಲ. ಅಂತಸ್ತು ಚಿಕ್ಕದು, ಆದ್ದರಿಂದ ಆಳೂ ಚಿಕ್ಕವನು. ಈ ಲೆಕ್ಕವನ್ನು ಐಗುಪ್ತದ ಶಿಲ್ಪಿಗಳು ಮೂರು ಸಾವಿರ ವರ್ಷ ಬಿಡಲಿಲ್ಲ.

ಎರಡನೆಯ ಚಿತ್ರ ಖಫ್ರೆ ಅರಸನದು. ಗೀಜಾದಲ್ಲಿ ಎರಡನೆಯ ದೊಡ್ಡ ಪಿರಮಿಡ್ಡನ್ನು ಕಟ್ಟಿಸಿದವನು, ಕ್ರಿ.ಪೂ. 2500ರ ಆಸುಪಾಸಿನವನು. ಈ ಪ್ರತಿಮೆ 1860ರಲ್ಲಿ ಮರಿಯೆಟ್ ಎಂಬ ಫ್ರೆಂಚ್ ಪಂಡಿತರಿಗೆ ಸಿಕ್ಕಿತು. ಕುಳಿತ ಪ್ರತಿಮೆಯೇ ಐದೂವರೆ ಅಡಿ. ಕಬ್ಬಿಣದಂಥ ಗಟ್ಟಿ ಕಲ್ಲು. ಅದನ್ನು ನೂರಾರು ಮೈಲಿ ದಕ್ಷಿಣದ ಮರುಭೂಮಿಯಿಂದ ಎಳೆದು ತಂದರು. ಕೈಗೂ ಮೈಗೂ ನಡುವೆ ಸಂದಿಲ್ಲ, ಕಾಲಿಗೂ ಪೀಠಕ್ಕೂ ನಡುವೆ ತೆರಪಿಲ್ಲ. ಮುರಿಯುವಂಥದ್ದೇನೂ ಹೊರಗೆ ಚಾಚಿಲ್ಲ. ತಲೆಯ ಹಿಂದೆ ಗಿಡುಗವೊಂದು ರೆಕ್ಕೆ ಹರಡಿ ಅಪ್ಪಿಕೊಂಡಿದೆ. ಅದು ಹೋರಸ್ ಎಂಬ ಅವರ ದೇವರು. ಈ ಅರಸನೂ ದೇವರೇ ಎಂಬುದು ಅದರ ಅರ್ಥ. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ, ಆಯಾಸವಿಲ್ಲ.

ಇಂಥ ಪ್ರತಿಮೆಗಳನ್ನು ಊರ ಜನ ನೋಡಲೆಂದು ಮಾಡಿದ್ದಲ್ಲ. ಸತ್ತವನ ಜೀವಶಕ್ತಿ ಬಂದು ನೆಲೆಸಲು ಒಂದು ಗಟ್ಟಿ ದೇಹ ಬೇಕು; ಹೆಣ ಹಾಳಾದರೂ ಕಲ್ಲು ಉಳಿಯಬೇಕು. ಸಕ್ಕಾರದಲ್ಲಿ ಜೋಸರ್ ಅರಸನ ಪ್ರತಿಮೆಯನ್ನು ಬಾಗಿಲಿಲ್ಲದ ಕಲ್ಲಿನ ಕೋಣೆಯಲ್ಲಿಟ್ಟು, ಕಣ್ಣಿಗೆ ನೇರವಾಗಿ ಗೋಡೆಯಲ್ಲಿ ಎರಡು ತೂತು ಮಾತ್ರ ಬಿಟ್ಟಿದ್ದರು. ಹೀಗೆ ಐಗುಪ್ತದಲ್ಲಿ ಪ್ರತಿಮೆ ಎಂದರೆ ಸಾವಿನಾಚೆಗೂ ಒಯ್ಯುವ ಅಂತಸ್ತು.

ಅರಸನಿಗಿಂತ ಕೆಳಗಿನವರು ಹೇಗಿದ್ದಾರೆ ನೋಡೋಣ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಒಬ್ಬ ಲಿಪಿಕಾರನ ಪ್ರತಿಮೆ ಇದೆ. ನಮ್ಮ ತೋಟದ ಲೆಕ್ಕದಲ್ಲಿ ಹೇಳಬೇಕಾದರೆ ರೈಟರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತೊಡೆಯ ಮೇಲೆ ಸುರುಳಿ ಬಿಡಿಸಿಕೊಂಡಿದ್ದಾನೆ. ಕಣ್ಣಿಗೆ ಸ್ಫಟಿಕ ಕೂರಿಸಿದ್ದಾರೆ. ಈಗಲೂ ನಮ್ಮ ಮಾತು ಕೇಳಿ ಬರೆದುಕೊಳ್ಳುವವನ ಹಾಗೆ ಕಾಣುತ್ತಾನೆ. ಅವನ ಎದೆ ಸಡಿಲ, ಹೊಟ್ಟೆ ಮಡಿಕೆ ಬಿದ್ದಿದೆ. ಕಾ-ಆಪೆರ್ ಎಂಬ ಇನ್ನೊಬ್ಬ ಅಧಿಕಾರಿಯ ಮರದ ಪ್ರತಿಮೆಯೂ ಹೊಟ್ಟೆ ಬಂದವನದೇ. 1860ರಲ್ಲಿ ಅದನ್ನು ನೆಲದಿಂದ ತೆಗೆದಾಗ ಅಗೆಯುತ್ತಿದ್ದ ಕೂಲಿಗಳು, ಇವನು ನಮ್ಮ ಊರ ಪಟೇಲನೇ ಎಂದು ಕೂಗಿದರಂತೆ. ಅರಬ್ಬಿಯಲ್ಲಿ ಆ ಪ್ರತಿಮೆಗೆ ಇಂದಿಗೂ ಊರ ಪಟೇಲ ಎಂಬ ಹೆಸರೇ ನಿಂತಿದೆ. ಹೊಟ್ಟೆ ಬಂದಿರುವುದು ಅಲ್ಲಿ ಕುಂದಲ್ಲ. ಬಿಸಿಲಿನಲ್ಲಿ ಬೆನ್ನು ಬಗ್ಗಿಸದೆ ಉಣ್ಣುವವನೆಂಬ ಗುರುತು.

ಬಣ್ಣದಲ್ಲೂ ಒಂದು ಲೆಕ್ಕವಿತ್ತು. 1871ರಲ್ಲಿ ಸಿಕ್ಕಿದ ರಹೋತೆಪ್, ನೊಫ್ರೆತ್ ಎಂಬ ಗಂಡ ಹೆಂಡಿರ ಪ್ರತಿಮೆಗಳಲ್ಲಿ ಗಂಡನಿಗೆ ಕೆಂಗಂದು ಬಣ್ಣ, ಹೆಂಡತಿಗೆ ತೆಳು ಹಳದಿ ಬಣ್ಣ. ಮನೆಯೊಳಗೆ ನೆರಳಲ್ಲಿ ಇರುವವಳು ಎಂಬುದನ್ನು ಅದು ತೋರಿಸುತ್ತದೆಂದು ಅರ್ಥ ಹೇಳುತ್ತಾರೆ. ಬಿಸಿಲಿನಲ್ಲಿ ಎಲೆ ಕೊಯ್ಯುವ ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿ ನಗುತ್ತಿದ್ದೀರಿ. ನಗಬೇಕಾದ್ದೇ. ಐಗುಪ್ತದ ಬಡವರ ಮನೆಯ ಹೆಂಗಸರೂ ಬಿಸಿಲಿಗೆ ಹೋಗುತ್ತಿದ್ದರು. ಆದರೆ ಕಲ್ಲಿನ ಪ್ರತಿಮೆ ಅವರಿಗಾಗಿ ಮಾಡಿದ್ದಲ್ಲ.

ಹಾಗಾದರೆ ದುಡಿಯುವವರ ಪ್ರತಿಮೆಯೇ ಇಲ್ಲವೋ? ಇದೆ. ದೊಡ್ಡವರ ಸಮಾಧಿಯಲ್ಲಿ ಒಂದು ಅಡಿ ಎತ್ತರದ ಗೊಂಬೆಗಳು ಸಿಕ್ಕಿವೆ. ಒಬ್ಬಳು ಮೊಣಕಾಲೂರಿ ಕಲ್ಲಿನ ಮೇಲೆ ಧಾನ್ಯ ಅರೆಯುತ್ತಿದ್ದಾಳೆ. ತಲೆಗೆ ಬಟ್ಟೆ ಕಟ್ಟಿದ್ದಾಳೆ. ಒಬ್ಬನು ಬಾರ್ಲಿಯ ಬಿಯರಿಗೆ ಹಿಟ್ಟು ಹಿಸುಕುತ್ತಿದ್ದಾನೆ. ಇವುಗಳಲ್ಲಿ ಬಹಳಷ್ಟಕ್ಕೆ ಹೆಸರಿಲ್ಲ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಅರಸ ಅಲುಗುವುದಿಲ್ಲ, ಆಳು ಬಗ್ಗುತ್ತಾನೆ, ತಿರುಗುತ್ತಾನೆ, ಬೆವರುತ್ತಾನೆ. ಮೇಲಕ್ಕೆ ಹೋದ ಹಾಗೆಲ್ಲ ಮೈ ನೆಟ್ಟಗೆ, ಕೆಳಕ್ಕೆ ಬಂದ ಹಾಗೆಲ್ಲ ಬೆನ್ನು ಬಾಗುತ್ತದೆ. ಜೀವಕಳೆ ಎಂಬುದು ಮಾತ್ರ ಈ ಕೆಳಗಿನ ಗೊಂಬೆಗಳಲ್ಲೇ ಹೆಚ್ಚು ಎಂದು ನನಗೆ ಕಾಣುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಪರಲೋಕದಲ್ಲೂ ಹೊಲದ ಕೆಲಸಕ್ಕೆ ಕರೆ ಬರುತ್ತದೆ ಎಂದು ಐಗುಪ್ತದವರು ನಂಬಿದ್ದರು. ದೊಡ್ಡವರು ಅಲ್ಲಿ ಹೋಗಿ ಮಣ್ಣು ಹೊರುವರೇ? ತಮ್ಮ ಬದಲಿಗೆ ಎದ್ದುಹೋಗಲು ಸಣ್ಣ ಗೊಂಬೆಗಳನ್ನು ಸಮಾಧಿಯಲ್ಲಿ ಇಡಿಸಿಕೊಂಡರು. ಇವಕ್ಕೆ ಶಬ್ತಿ ಎನ್ನುತ್ತಾರೆ. 1922ರಲ್ಲಿ ಹೊವಾರ್ಡ್ ಕಾರ್ಟರ್ ಎಂಬವರು ಕಂಡುಹಿಡಿದ ತುತಾಂಖಾಮುನ್ ಅರಸನ ಸಮಾಧಿಯಲ್ಲಿ ಇಂಥವು 413 ಇದ್ದವು. ಲೆಕ್ಕ ಕೇಳಿ. ವರ್ಷದ ದಿನಕ್ಕೊಂದು ಆಳಿನಂತೆ 365. ಹತ್ತು ಆಳಿಗೆ ಒಬ್ಬನಂತೆ 36 ಮೇಸ್ತ್ರಿಗಳು. ತಿಂಗಳಿಗೊಬ್ಬನಂತೆ 12 ದೊಡ್ಡ ಮೇಸ್ತ್ರಿಗಳು. ಸತ್ತು ಸ್ವರ್ಗಕ್ಕೆ ಹೋದರೂ ಚೆಕ್ರೋಲು ತಪ್ಪಲಿಲ್ಲ!

ಸುಮೇರ್: ಕೈಮುಗಿದ ದೊಡ್ಡವರು

ಈಗ ಸುಮೇರಿನ ಕಡೆ ಬರೋಣ. ಇರಾಕಿನ ತೆಲ್ ಅಸ್ಮರ್ ಎಂಬಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಫ್ರಾಂಕ್‌ಫರ್ಟ್ ಎಂಬ ಪಂಡಿತರ ತಂಡ 1930ರ ದಶಕದಲ್ಲಿ ಅಗೆಯುತ್ತಿದ್ದಾಗ, ಹಳೆಯ ದೇವಾಲಯದ ನೆಲದಡಿಯಲ್ಲಿ ಒಟ್ಟಿಗೆ ಹೂತಿಟ್ಟ 12 ಪ್ರತಿಮೆಗಳು ಸಿಕ್ಕಿದವು. ಹತ್ತು ಗಂಡಸರದು, ಎರಡು ಹೆಂಗಸರದು. ಎಲ್ಲಕ್ಕಿಂತ ದೊಡ್ಡದು 72 ಸೆಂಟಿಮೀಟರ್, ಅಂದರೆ ಎರಡೂಕಾಲು ಅಡಿಯ ಮೇಲೆ ಸ್ವಲ್ಪ. ಇವು ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯವು.

ಅವುಗಳ ಕಣ್ಣು ನೋಡಿ, ಬಟ್ಟಲಿನಷ್ಟು. ಚಿಪ್ಪಿನ ಬಿಳುಪು, ನಡುವೆ ಕಪ್ಪು ಕಲ್ಲು. ಕೈಗಳನ್ನು ಎದೆಯ ಮುಂದೆ ಜೋಡಿಸಿ ಹಿಡಿದಿದ್ದಾರೆ. ಕೆಲವರ ಕೈಯಲ್ಲಿ ಚಿಕ್ಕ ಬಟ್ಟಲು. ಇವರು ಯಾರು? ದೇವರ ಎದುರು ನಿಂತ ಭಕ್ತರು. ಮನೆಯೊಡೆಯನಿಗೆ ಹಗಲೂ ರಾತ್ರಿ ದೇವಾಲಯದಲ್ಲಿ ನಿಲ್ಲಲು ಪುರುಸೊತ್ತಿಲ್ಲ. ತನ್ನ ಬದಲಿಗೆ ಕಲ್ಲಿನ ಮನುಷ್ಯನನ್ನು ನಿಲ್ಲಿಸಿ ಹೋಗುತ್ತಾನೆ. ಅದು ಎವೆಯಿಕ್ಕದೆ ಪ್ರಾರ್ಥಿಸುತ್ತಿರಬೇಕು. ಐಗುಪ್ತದ ಅರಸ ಯಾರ ಮುಖವನ್ನೂ ನೋಡದೆ ದೂರ ನೋಡುತ್ತಾನೆ. ಸುಮೇರಿನ ದೊಡ್ಡವನು ತನಗಿಂತ ದೊಡ್ಡವನನ್ನು ನೋಡುತ್ತಿದ್ದಾನೆ. ಎರಡು ದೇಶಗಳ ಮುಖ್ಯ ಭೇದ ಇಲ್ಲಿದೆ.

ಹಾಗಿದ್ದರೂ ಅಂತಸ್ತನ್ನು ತೋರಿಸಲು ಅವರೂ ಮರೆಯಲಿಲ್ಲ. ಯೂಫ್ರೇಟಿಸ್ ದಡದ ಮೇಲುಸೀಮೆಯಲ್ಲಿ, ಇಂದಿನ ಸಿರಿಯಾದಲ್ಲಿ, ಮಾರಿ ಎಂಬ ಪಟ್ಟಣವಿತ್ತು. ಅಲ್ಲಿಯ ಶಿಲ್ಪವೂ ಇದೇ ಬಗೆಯದು. 1934ರಲ್ಲಿ ಅಲ್ಲಿ ಎಬಿಹ್-ಇಲ್ ಎಂಬ ಮೇಲ್ವಿಚಾರಕನ ಪ್ರತಿಮೆ ಸಿಕ್ಕಿತು. ಒಂದೂಮುಕ್ಕಾಲು ಅಡಿ ಎತ್ತರ. ಕುರಿಯ ಉಣ್ಣೆ ಜೋಲುವ ಲಂಗ, ಒಂದೊಂದು ಎಳೆಯೂ ಕಾಣುವಂತೆ ಕೆತ್ತಿದೆ. ಕಣ್ಣಿನ ನೀಲಿ ಕಲ್ಲು ಅಫ್ಘಾನಿಸ್ತಾನದ ಬೆಟ್ಟದಿಂದ ಬಂದದ್ದು. ಕೈ ಜೋಡಿಸಿದ್ದಾನೆ, ನಿಜ. ಆದರೆ ಮೈಮೇಲೆ ಇಷ್ಟು ಬೆಲೆಯದನ್ನು ಹೊತ್ತು ಕೈ ಜೋಡಿಸಿದ್ದಾನೆ. ಬೆನ್ನಿನ ಮೇಲೆ ಅವನ ಹೆಸರು, ಹುದ್ದೆ ಬರೆದಿದೆ. ಹೆಸರು ಬರೆದದ್ದರಿಂದಲೇ ಇವನು ಎಬಿಹ್-ಇಲ್ ಎಂದು ನಮಗೆ ಗೊತ್ತು.

ನನಗೆ ಬಹಳ ಹಿಡಿಸಿದ ಚಿತ್ರ ಇದು, ಲಗಾಶ್ ರಾಜ್ಯದ ಊರ್-ನಾನ್ಷೆ ಎಂಬ ಅರಸನ ಕಲ್ಲು ಹಲಗೆ. ಕ್ರಿ.ಪೂ. 2500ರ ಸುಮಾರಿನದು. ಅರಸನ ತಲೆಯ ಮೇಲೆ ಏನಿದೆ ಹೇಳಿ? ಕಿರೀಟವಲ್ಲ, ಮಂಕರಿ. ದೇವಾಲಯ ಕಟ್ಟಲು ಇಟ್ಟಿಗೆಯ ಮಣ್ಣನ್ನು ಅರಸನೇ ತಲೆಯ ಮೇಲೆ ಹೊತ್ತಿದ್ದಾನೆ. ಅವನ ಮಕ್ಕಳು ಎದುರಿಗೆ ಚಿಕ್ಕಚಿಕ್ಕದಾಗಿ ನಿಂತಿದ್ದಾರೆ. ಲಂಗದ ಮೇಲೆ ಅವರವರ ಹೆಸರು ಬರೆದಿದೆ. ಕ್ರಿ.ಪೂ. 2100ರ ಹೊತ್ತಿಗೆ ಗುಡಿಯ, ಶುಲ್ಗಿ ಮುಂತಾದ ದೊರೆಗಳೂ ಮಂಕರಿ ಹೊತ್ತ ತಮ್ಮ ತಾಮ್ರದ ಬೊಂಬೆಗಳನ್ನು ಕಟ್ಟಡದ ಅಡಿಪಾಯದಲ್ಲಿ ಹೂಳಿಸಿದರು. ಫರೋಹನು ಮಣ್ಣಿನ ಮಂಕರಿ ಹೊತ್ತು ಹೀಗೆ ಪ್ರತಿಮೆಯಾಗಿ ನಿಂತದ್ದನ್ನು ನಾನು ನೋಡಿಲ್ಲ.

ಹಾಗೆಂದು ಮೋಸಹೋಗಬೇಡಿ. ಅರಸ ಹೊತ್ತದ್ದು ಮೊದಲನೆಯ ಮಂಕರಿ. ಉಳಿದ ಲಕ್ಷ ಮಂಕರಿಗಳನ್ನು ಹೊತ್ತವರು ಬೇರೆ. ನಮ್ಮ ಕಡೆ ಶಂಕುಸ್ಥಾಪನೆಗೆ ಬಂದ ಮಂತ್ರಿಗಳು ಒಂದು ಕರಣೆ ಗಾರೆ ಹಾಕಿ ಫೋಟೋ ತೆಗೆಸಿಕೊಳ್ಳುವುದಿಲ್ಲವೇ? ಅದೇ ಲೆಕ್ಕ. ಆದರೂ ಒಂದು ಮಾತು ಹೇಳಬೇಕು. ಹೊರುವುದನ್ನು ಗೌರವದ ಗುರುತಾಗಿ ತೋರಿಸಬೇಕೆಂದು ಒಬ್ಬ ಅರಸನಿಗೆ ತೋಚಿತಲ್ಲ, ಅದು ಸಣ್ಣದಲ್ಲ.

ಗುಡಿಯ ದೊರೆಯ ಪ್ರತಿಮೆಗಳು ಡಯೊರೈಟ್ ಎಂಬ ಕಪ್ಪು ಗಟ್ಟಿ ಕಲ್ಲಿನವು. ಮಗಾನಿನಿಂದ, ಅಂದರೆ ಇಂದಿನ ಓಮಾನಿನ ಕಡೆಯಿಂದ, ಹಡಗಿನಲ್ಲಿ ಬಂದ ಕಲ್ಲು. ಒಂದರಲ್ಲಿ ಅವನು ಕಟ್ಟಡದ ನಕ್ಷೆಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದಾನೆ. ತಲೆ ಮುರಿದುಹೋಗಿದೆ, ನಕ್ಷೆ ಉಳಿದಿದೆ. ಮೈತುಂಬ ಬರಹ. ಬೆಳ್ಳಿಯಲ್ಲಿ, ತಾಮ್ರದಲ್ಲಿ ಮಾಡಿಸದೆ ಕಲ್ಲಿನಲ್ಲಿ ಮಾಡಿಸಿದೆನೆಂದು ಹೇಳಿದ್ದಾನೆ. ಲೋಹವಾದರೆ ಕರಗಿಸಿಬಿಡುತ್ತಾರಲ್ಲ! ಪ್ರತಿಮೆಗೆ ಇಷ್ಟು ಅಳತೆ ಬಿಯರು, ಇಷ್ಟು ಅಳತೆ ರೊಟ್ಟಿ ಎಂದು ನಿತ್ಯದ ಪಡಿಯನ್ನೂ ಬರೆಸಿದ್ದಾನೆ. ದೇವಾಲಯ ಕಟ್ಟುವಾಗ ಯಾರ ಮೇಲೂ ಚಾಟಿ ಬೀಸಲಿಲ್ಲವೆಂದೂ, ದೇವರು ಒಳಕ್ಕೆ ಬಂದ ಹಬ್ಬದ ಏಳು ದಿನ ದಾಸಿ ಒಡತಿಗೆ ಸಮನಾಗಿದ್ದಳು, ದಾಸನು ಒಡೆಯನ ಜೊತೆಜೊತೆಗೆ ನಡೆದನು ಎಂದೂ ಆ ಬರಹದಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಏಳು ದಿನ ಎಂದು ಬರೆದರೆ, ಉಳಿದ ದಿನಗಳ ಕತೆ ಏನೆಂದು ತಾನೇ ಹೇಳಿದಂತಾಯಿತು.

ಸುಮೇರಿನವರು ಸಮಾನತೆಯವರೆಂದು ಯಾರೂ ತಿಳಿಯಬಾರದೆಂದು ಇನ್ನೆರಡು ಸಂಗತಿ ಹೇಳುತ್ತೇನೆ. ಊರ್ ಪಟ್ಟಣದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ ಎಂಬವರು 1920ರ ದಶಕದಲ್ಲಿ ಅಗೆದರು. ಅಲ್ಲಿ ಸಿಕ್ಕಿದ ಚಿಪ್ಪಿನ ಕೆಲಸದ ಪೆಟ್ಟಿಗೆಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಬದಿ ಯುದ್ಧ, ಒಂದು ಬದಿ ಔತಣ. ಮೂರು ಮೂರು ಸಾಲು. ಮೇಲಿನ ಸಾಲಿನಲ್ಲಿ ಅರಸನೂ ಅವನ ಜನರೂ. ಕೆಳಗಿನ ಸಾಲಿನಲ್ಲಿ ಬೆನ್ನಿಗೆ ಹೊರೆ ಏರಿಸಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ನಡೆಯುವ ಆಳುಗಳು. ಯುದ್ಧದ ಬದಿಯಲ್ಲಿ ಅರಸನ ತಲೆ ಚಿತ್ರದ ಅಂಚನ್ನೇ ದಾಟಿ ಮೇಲಕ್ಕೆ ಹೋಗಿದೆ. ಅಷ್ಟು ದೊಡ್ಡವನು!

ಎರಡನೆಯದು ಇನ್ನೂ ಘೋರ. ಅದೇ ಸಮಾಧಿಗಳಲ್ಲಿ ಒಡೆಯರ ಜೊತೆಗೆ ಅವರ ಪರಿವಾರದವರನ್ನೂ ಹೂತಿದ್ದರು. ಒಂದೇ ಗುಂಡಿಯಲ್ಲಿ 74 ಮಂದಿ, ಅವರಲ್ಲಿ 68 ಹೆಂಗಸರು. ತಾವಾಗಿಯೇ ವಿಷ ಕುಡಿದು ಸತ್ತರೆಂದು ಮೊದಲು ತಿಳಿದಿದ್ದರು. ಈ ಶತಮಾನದಲ್ಲಿ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ಹೊಡೆದು ಕೊಂದ ಗುರುತು ಕಂಡಿತು. ಕೈ ಜೋಡಿಸಿ ನಿಂತ ಪ್ರತಿಮೆಗಳು ಇದನ್ನು ನಮಗೆ ಹೇಳುವುದಿಲ್ಲ.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ

ಅಂತಸ್ತನ್ನು ತೋರಿಸಲು ಎರಡು ದೇಶದವರೂ ನಾಲ್ಕು ದಾರಿ ಹಿಡಿದರು. ಒಂದನೆಯದು ಗಾತ್ರ: ದೊಡ್ಡವನನ್ನು ದೊಡ್ಡದಾಗಿ ಮಾಡುವುದು. ಎರಡನೆಯದು ಕಲ್ಲು: ಸಿಗಲು ಕಷ್ಟವಾದುದನ್ನು, ಕೆತ್ತಲು ಕಷ್ಟವಾದುದನ್ನು ಆರಿಸುವುದು. ಮೂರನೆಯದು ಭಂಗಿ. ಇಲ್ಲಿ ದಾರಿ ಕವಲೊಡೆಯುತ್ತದೆ. ಐಗುಪ್ತದ ಅರಸನು ತಾನೇ ದೇವರೆಂದು ಕುಳಿತ, ಸುಮೇರಿನ ಅರಸನು ದೇವರ ಪಾರುಪತ್ಯಗಾರನೆಂದು ನಿಂತ. ನಾಲ್ಕನೆಯದು ಹೆಸರು. ಹೆಸರು ಬರೆದರೆ ಅವನು ಇದ್ದಾನೆ, ಹೆಸರು ಅಳಿಸಿದರೆ ಅವನಿಲ್ಲ. ಐಗುಪ್ತದಲ್ಲಿ ಆಗದವರ ಪ್ರತಿಮೆಗಳಿಂದ ಹೆಸರನ್ನೇ ಉಳಿಯಿಂದ ಕೆರೆದು ತೆಗೆಯುತ್ತಿದ್ದರು.

ನಾಲ್ಕಕ್ಕೂ ಸೇರಿದ ಒಂದು ಮಾತಿದೆ. ಪ್ರತಿಮೆ ಹೇಳುವುದು ಅದಕ್ಕೆ ಖರ್ಚು ಮಾಡಿದವನು ಹೇಳಿಸಿದ್ದನ್ನು. ಮನುಷ್ಯನ ನಿಜವಾದ ಅಳತೆ ಅದಲ್ಲ. ನಾರ್ಮರನ ಚಪ್ಪಲಿ ಹೊತ್ತವನು ನಿಜವಾಗಿ ಅರಸನಷ್ಟೇ ಎತ್ತರವಿದ್ದಿರಬಹುದು.

ಕೆತ್ತಿದವರು ಎಲ್ಲಿ?

ಇನ್ನು ಕಡೆಯ ಮಾತು, ನಮಗೆ ಹತ್ತಿರದ್ದು. ಇಷ್ಟೆಲ್ಲ ಕೆತ್ತಿದವರು, ಎಳೆದವರು, ಹೊತ್ತವರು ಎಲ್ಲಿ ಹೋದರು? ಪ್ರತಿಮೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಪಡಿಯ ಲೆಕ್ಕದಲ್ಲಿ ಹುಡುಕಬೇಕು.

ಸುಮೇರಿನ ಜೇಡಿಮಣ್ಣಿನ ಹಲಗೆಗಳಲ್ಲಿ ಆಳುಗಳ ಪಟ್ಟಿಗಳು ಸಾವಿರಾರು ಇವೆ. ನೇಯುವ ಹೆಂಗಸರ ಹೆಸರು, ಅವರ ಮಕ್ಕಳು, ಯಾರಿಗೆ ಎಷ್ಟು ಬಾರ್ಲಿ, ಎಷ್ಟು ಉಣ್ಣೆ, ಎಲ್ಲ ಇದೆ. ಕ್ರಿ.ಪೂ. 2050ರ ಸುಮಾರಿಗೆ ತಿಂಗಳಿಗೆ ಗಂಡಾಳಿಗೆ ಸಾಮಾನ್ಯವಾಗಿ 60 ಲೀಟರು ಬಾರ್ಲಿ, ಹೆಣ್ಣಾಳಿಗೆ 30. ಅರ್ಧಕ್ಕೆ ಅರ್ಧ! ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ನಮ್ಮ ದೇಶದಲ್ಲಿ ಕಾಯಿದೆ ಆದದ್ದು 1976ರಲ್ಲಿ. ಈ ಜಗಳ ಎಷ್ಟು ಹಳೆಯದೆಂದು ನೋಡಿಕೊಳ್ಳಿ.

ಗೀಜಾದ ಪಿರಮಿಡ್ಡುಗಳ ಬಳಿ 1990ರಲ್ಲಿ ಒಂದು ಕುದುರೆ ಮರಳಿನಲ್ಲಿ ಹೂತ ಗೋಡೆಗೆ ಕಾಲೆಡವಿತು. ಅಗೆದಾಗ ಅಲ್ಲಿ ಪಿರಮಿಡ್ಡು ಕಟ್ಟಿದ ಕೆಲಸಗಾರರ ಸಮಾಧಿಗಳು ಕಂಡವು. ಮೂಳೆಗಳು ಭಾರ ಹೊತ್ತು ಸವೆದಿವೆ. ಕೈ ಮುರಿದು ಕಟ್ಟು ಹಾಕಿಸಿಕೊಂಡು ವಾಸಿಯಾದವರೂ ಇದ್ದಾರೆ. ಅವರ ಊರಿನಲ್ಲಿ ರೊಟ್ಟಿ ಸುಡುವ ಮನೆಗಳೂ, ತಿಂದ ದನ ಕುರಿಗಳ ಮೂಳೆಗಳೂ ಸಿಕ್ಕಿವೆ. ಇವರು ಸರಪಣಿ ಹಾಕಿದ ಗುಲಾಮರಲ್ಲವೆಂದು ಪಂಡಿತರು ಹೇಳುತ್ತಾರೆ. ತಮ್ಮ ಗುಂಪುಗಳಿಗೆ ಅವರೇ ಹೆಸರಿಟ್ಟುಕೊಂಡು ಕಲ್ಲಿನ ಮೇಲೆ ಬರೆದಿದ್ದಾರೆ. ಒಂದು ಗುಂಪಿನ ಹೆಸರು ಖುಫುವಿನ ಗೆಳೆಯರು. ಇನ್ನೊಂದರದು ಮೆನ್ಕೌರೆಯ ಕುಡುಕರು!

ಪಿರಮಿಡ್ಡುಗಳನ್ನು ಕಟ್ಟಿದವರು ಇಸ್ರಾಯೇಲ್ಯರೇ ಎಂದು ಮಕ್ಕಳು ಆಗಾಗ ಕೇಳುತ್ತಾರೆ. ಅಲ್ಲ. ವಿಮೋಚನಕಾಂಡದಲ್ಲಿ ಹೇಳಿರುವುದು ಇಟ್ಟಿಗೆಯ ಕೆಲಸವನ್ನು, ಉಗ್ರಾಣದ ಪಟ್ಟಣಗಳನ್ನು. ಗೀಜಾದ ಪಿರಮಿಡ್ಡುಗಳು ಮೋಶೆಯ ಕಾಲಕ್ಕೆ ಆಗಲೇ ಸಾವಿರ ವರ್ಷ ಹಳೆಯವು.

ಇನ್ನು ದೇರ್ ಎಲ್-ಮದೀನ. ಅರಸರ ಸಮಾಧಿಗಳನ್ನು ಬೆಟ್ಟದಲ್ಲಿ ಕೊರೆದು, ಗೋಡೆಗಳಲ್ಲಿ ಅರಸರನ್ನು ದೇವರುಗಳ ಜೊತೆ ಚಿತ್ರಿಸಿದ ಕಸುಬುದಾರರ ಊರು ಅದು. ನಮ್ಮ ಲೈನು ಮನೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಅವರಿಗೆ ಕೂಲಿ ಧಾನ್ಯದಲ್ಲಿ: ತಿಂಗಳಿಗೆ ಮೇಸ್ತ್ರಿಗೆ ಏಳೂವರೆ ಚೀಲ, ಕೆಲಸಗಾರನಿಗೆ ಐದೂವರೆ ಚೀಲ. ಮೂರನೆಯ ರಾಮ್ಸೆಸ್ ಅರಸನ ಆಳಿಕೆಯ 29ನೆಯ ವರ್ಷ, ಅಂದರೆ ಕ್ರಿ.ಪೂ. 1157ರ ಸುಮಾರಿಗೆ, ಪಡಿ ಬರಲಿಲ್ಲ. ದಿನಗಳು ಕಳೆದವು. ಆಗ ಅವರು ಉಳಿ ಕೆಳಗಿಟ್ಟು, ಕಾವಲಿನ ಗೋಡೆಗಳನ್ನು ದಾಟಿ ಹೊರಟು, ದೇವಾಲಯದ ಹಿಂದೆ ಹೋಗಿ ಕುಳಿತರು. ಅಧಿಕಾರಿಗಳು ಬಂದು ಸಮಾಧಾನ ಹೇಳಿದರು, ಏಳಲಿಲ್ಲ. ಮರುದಿನವೂ ಹೋಗಿ ಕುಳಿತರು. ಹಸಿವೆ ಬಾಯಾರಿಕೆಯಿಂದ ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಸೊಪ್ಪಿಲ್ಲ, ಫರೋಹನಿಗೆ ಬರೆದು ತಿಳಿಸಿ ಎಂದರು. ಬಾಕಿಯಿದ್ದ ಪಡಿ ಬಂತು. ಮುಂದೆಯೂ ಪಡಿ ನಿಂತಾಗ ಮತ್ತೆ ಕುಳಿತರು. ಅವರ ಊರಿನ ಲಿಪಿಕಾರನು ಇದನ್ನೆಲ್ಲ ಬರೆದಿಟ್ಟನು. ಆ ಹಾಳೆ ಇಟಲಿಯ ತೂರಿನ್ ಪಟ್ಟಣದ ಸಂಗ್ರಹಾಲಯದಲ್ಲಿದೆ. ಲೋಕದಲ್ಲಿ ಬರಹದಲ್ಲಿ ಉಳಿದಿರುವ ಮೊದಲನೆಯ ಮುಷ್ಕರ ಇದೆಂದು ಎಣಿಸುತ್ತಾರೆ.

ಯೋಚಿಸಿ ನೋಡಿ. ಅರಸನನ್ನು ಆಳೆತ್ತರಕ್ಕಿಂತ ದೊಡ್ಡದಾಗಿ ಗೋಡೆಯ ಮೇಲೆ ಬರೆದವರು ಇದೇ ಜನ. ಅವನನ್ನು ದೇವರೆಂದು ಚಿತ್ರಿಸುವುದು ಅವರ ಕಸುಬು. ಆ ದೇವರ ಉಗ್ರಾಣದಿಂದ ಕಾಳು ಬಾರದಿದ್ದಾಗ, ಕೊಡಬೇಕಾದ ಪಡಿ ಕೊಡಿ ಎಂದು ಕೇಳಲು ಅವರು ಹೆದರಲಿಲ್ಲ. ಮನೆಯಲ್ಲಿ ಅವರು ಕಸುಬನ್ನು ತಮಗಾಗಿಯೂ ಬಳಸಿಕೊಂಡರು. ಸೆನ್ನೆಜೆಮ್ ಎಂಬ ಅಲ್ಲಿಯ ಕೆಲಸಗಾರನ ಸಮಾಧಿ 1886ರಲ್ಲಿ ಕಳ್ಳರ ಕೈ ಸೋಕದೆ ಸಿಕ್ಕಿತು. ಚಿಕ್ಕ ಕೋಣೆ. ಗೋಡೆಯಲ್ಲಿ ಅವನೂ ಅವನ ಹೆಂಡತಿಯೂ ಬಿಳಿ ಬಟ್ಟೆಯುಟ್ಟು ಹೊಲ ಉಳುತ್ತಿದ್ದಾರೆ, ಬೆಳೆ ಕೊಯ್ಯುತ್ತಿದ್ದಾರೆ.  ಇಬ್ಬರ ಹೆಸರೂ ಬರೆದಿದೆ.

ನನ್ನ ಮಾತನ್ನು ಮುಗಿಸುವ ಮುನ್ನ ನಿಮ್ಮಲ್ಲಿ ಎರಡು ಬಿನ್ನಹ. ಮೊದಲನೆಯದು: ಮಕ್ಕಳ ಚರಿತ್ರೆ ಪುಸ್ತಕದಲ್ಲಿ ಇಂಥ ಚಿತ್ರ ಬಂದಾಗ ಜೊತೆಗೆ ಕುಳಿತು ನೋಡಿ. ದೊಡ್ಡದಾಗಿರುವವನು ಯಾರೆಂದು ಪುಸ್ತಕವೇ ಹೇಳುತ್ತದೆ. ಅಂಚಿನಲ್ಲಿ ಚಿಕ್ಕದಾಗಿರುವವನು ಯಾರು, ಅವನ ಕೈಯಲ್ಲಿ ಏನಿದೆ, ಇದನ್ನು ಮಾಡಿಸಿದವರು ಯಾರು ಎಂದು ಮಕ್ಕಳನ್ನು ಕೇಳಿ.

ಎರಡನೆಯದು: ಹಳೆಯ ತೋಟದ ಗ್ರೂಪ್ ಫೋಟೋಗಳು ಕೆಲವರ ಮನೆಯಲ್ಲಿವೆ. ನಡುವೆ ಕುರ್ಚಿಯಲ್ಲಿ ದೊರೆ, ಪಕ್ಕದಲ್ಲಿ ರೈಟರು, ಹಿಂದೆ ಮೇಸ್ತ್ರಿಗಳು, ನೆಲದ ಮೇಲೆ ನಮ್ಮ ಅಜ್ಜ ಅಜ್ಜಿಯರು. ದೊರೆಯ ಹೆಸರು ಕೆಳಗೆ ಅಚ್ಚಾಗಿರುತ್ತದೆ. ನೆಲದ ಮೇಲೆ ಕುಳಿತವರ ಹೆಸರು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಕೂಟಕ್ಕೆ ಆ ಫೋಟೋಗಳನ್ನು ತನ್ನಿರಿ. ಹಿರಿಯರನ್ನು ಕೇಳಿ ಒಬ್ಬೊಬ್ಬರ ಹೆಸರು, ಊರು, ಮಾಡುತ್ತಿದ್ದ ಕೆಲಸ ಎಲ್ಲವನ್ನೂ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆಯೋಣ. ಎಬಿಹ್-ಇಲ್‌ನ ಹೆಸರು ಉಳಿದದ್ದೂ ಬೆನ್ನ ಮೇಲೆ ಬರೆದದ್ದರಿಂದಲೇ. ಶಾಲೆಗೆ ಹೋಗುವ ಮಕ್ಕಳೇ ಬರೆಯಲಿ, ಅಕ್ಷರ ದುಂಡಗಿರುತ್ತದೆ.

 ಪ್ರಶ್ನೆಗಳಿದ್ದರೆ ಕಾಫಿ ಕುಡಿಯುತ್ತಾ ಕೇಳಬಹುದು.